ಬೆಟ್ಟದ ಮಣ್ಣುದಾರಿಗೆ ಹೊರಡುವ ಮೊದಲು: ಬ್ರೇಕ್ ಬಗ್ಗೆ ಹಿರಿಯನ ಕಿವಿಮಾತು

ನಮ್ಮ ಮರ್ಫಿ ಟೌನಿನ ಹುಡುಗರು, ಹುಡುಗಿಯರು ಈಗ ಭಾನುವಾರ ನಸುಕಿನಲ್ಲೇ ಸೈಕಲ್ ಹತ್ತಿ ಬೆಟ್ಟದ ಕಡೆ ಹೊರಟುಬಿಡುತ್ತಾರೆ. ಟಾರು ಹಾಕಿದ ನಂದಿ ಬೆಟ್ಟದ ದಾರಿ ಅವರಿಗೆ ಸಾಕಾಗುತ್ತಿಲ್ಲ. ತುರಹಳ್ಳಿಯ ಕಾಡುದಾರಿ, ಯಲಹಂಕದ ಆಚೆಯ ಆವಲಹಳ್ಳಿ, ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ದಾಟಿದರೆ ಕೋಲಾರದ ಅಂತರಗಂಗೆ, ನಾಲ್ಕು ದಿನ ರಜೆ ಸಿಕ್ಕರೆ ಚಿಕ್ಕಮಗಳೂರಿನ ಜೀಪ್ ದಾರಿಗಳು. ನೋಡಿದರೆ ಖುಷಿಯಾಗುತ್ತದೆ. ಆದರೆ ಗೇರ್ ಎಷ್ಟು, ಟಯರ್ ಯಾವುದು, ಫ್ರೇಮ್ ಎಷ್ಟು ಹಗುರ ಎಂದು ಗಂಟೆಗಟ್ಟಲೆ ಮಾತಾಡುವ ಈ ಮಕ್ಕಳು ಬ್ರೇಕಿನ ಸುದ್ದಿ ಎತ್ತುವುದೇ ಇಲ್ಲ. ಕೇಳಿದರೆ 'ಡಿಸ್ಕ್ ಇದೆ ತಾತ' ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ನಾನು ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ಫಿಟ್ಟರ್ ಆಗಿದ್ದವನು. ಆ ಕಾಲದಲ್ಲಿ ನಮ್ಮ ಬೀದಿಗಳಿಂದ ಎನ್‌ಜಿಇಎಫ್‌ಗೆ, ಎಚ್‌ಎಎಲ್‌ಗೆ, ದೂರವಾಣಿನಗರದ ಐಟಿಐಗೆ ಸೈಕಲ್ ತುಳಿದೇ ಕೆಲಸಕ್ಕೆ ಹೋಗುತ್ತಿದ್ದೆವು. ಈಗ ಮನೆಯ ಜಗಲಿಯಲ್ಲಿ ಕೂತು ಅಕ್ಕಪಕ್ಕದ ಮಕ್ಕಳ ಸೈಕಲ್ ಸರಿಮಾಡಿಕೊಡುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ: ಕಡಿದಾದ ಮಣ್ಣುದಾರಿಯಲ್ಲಿ ಚಕ್ರವನ್ನು ಗಕ್ಕನೆ ನಿಲ್ಲಿಸುವ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಚಕ್ರ ಉರುಳುತ್ತಲೇ ಇರಬೇಕು, ನೀವು ಬೇಕೆಂದಷ್ಟೇ ನಿಧಾನವಾಗಿ ಉರುಳಬೇಕು. ಬೆಟ್ಟದ ತುದಿಯಲ್ಲಿ ಸಿಕ್ಕ ಹಿಡಿತ ಬುಡದಲ್ಲೂ ಹಾಗೇ ಸಿಗಬೇಕು. ಯಾವ ಬ್ರೇಕ್ ಕೊಳ್ಳಬೇಕು, ಹೇಗೆ ಕೂರಿಸಬೇಕು ಎನ್ನುವುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

• ಬೆಟ್ಟದ ಬ್ರೇಕ್ ಆರಿಸುವ ಮೊದಲು ಅಲ್ಲಿನ ನೆಲ ಎಂಥದ್ದು ಎಂದು ತಿಳಿಯಿರಿ. ಬೆಂಗಳೂರಿನ ಸುತ್ತಲಿನ ಬೆಟ್ಟಗಳು ಗ್ರಾನೈಟ್ ಬಂಡೆಯವು. ಆ ಬಂಡೆ ಸವೆದು ಉದುರಿದ ಗರಸು ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಕಣದಲ್ಲಿ ಹರಡಿದ ರಾಗಿಯ ಮೇಲೆ ಕಾಲಿಟ್ಟ ಹಾಗೆ, ಟಯರಿನ ಅಡಿಯಲ್ಲಿ ಕಾಳುಕಾಳಾಗಿ ಉರುಳುತ್ತದೆ. ಮಲೆನಾಡಿನ ಕಡೆ ಕೆಮ್ಮಣ್ಣು: ಒಣಗಿದಾಗ ಹಿಟ್ಟಿನಂಥ ಧೂಳು, ಮಳೆ ಬಿದ್ದರೆ ಜಾರುವ ಕೆಸರು. ಎರಡೂ ಕಡೆ ಟಯರಿನ ಹಿಡಿತ ಟಾರಿನ ಮೇಲಿರುವಷ್ಟು ಇರುವುದಿಲ್ಲ. ಆ ಹಿಡಿತ ಮೀರಿ ಬ್ರೇಕ್ ಹಿಡಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ತಿರುಗಿಸುತ್ತದೆ, ಹೇಗೋ ಸುಧಾರಿಸಿಕೊಳ್ಳಬಹುದು. ಮುಂದಿನ ಚಕ್ರ ಜಾರಿದರೆ ಹ್ಯಾಂಡಲ್ ತಿರುಗಿಸಿಯೂ ಪ್ರಯೋಜನವಿಲ್ಲ, ನೆಲಕ್ಕೆ ಬೀಳುವುದೇ.

• ಹಾಗೆಂದು ಮುಂದಿನ ಬ್ರೇಕ್ ಮುಟ್ಟದೆ ಇಳಿಯುತ್ತೇನೆ ಅನ್ನಬೇಡಿ. ಇಳಿಜಾರಿನಲ್ಲಿ ಮೈಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ಎಷ್ಟು ತಾನೇ ತಡೆದೀತು? ಹಿಂದಿನ ಬ್ರೇಕ್ ಒಂದನ್ನೇ ನಂಬಿದವರು ಚಕ್ರ ಎಳೆಯುತ್ತಾ, ದಾರಿಯಲ್ಲಿ ಉದ್ದ ಗೀರು ಬಿಡುತ್ತಾ ತಿರುವಿನಲ್ಲಿ ಪೊದೆಗೆ ನುಗ್ಗುತ್ತಾರೆ. ಎರಡೂ ಬೇಕು, ಎರಡನ್ನೂ ಹದವಾಗಿ ಹಿಡಿಯಬೇಕು. ದುಡ್ಡು ಒಂದೇ ಬ್ರೇಕಿಗೆ ಸಾಲುವಂತಿದ್ದರೆ ಅದನ್ನು ಮುಂದಿನ ಬ್ರೇಕಿಗೇ ಹಾಕಿ.

• ಯಾವ ಕೈ ಯಾವ ಬ್ರೇಕಿಗೆ ಎಂದು ನೋಡಿಕೊಳ್ಳಿ. ನಮ್ಮ ಕಡೆ ಬಲಗೈ ಮುಂದಿನದು, ಎಡಗೈ ಹಿಂದಿನದು. ಮೋಟಾರ್ ಸೈಕಲ್ಲಿನಲ್ಲೂ ಮುಂದಿನ ಬ್ರೇಕ್ ಬಲಗೈಗೇ. ಹೊರದೇಶದಿಂದ ತಂದ ಕೆಲವು ಸೈಕಲ್ಲುಗಳಲ್ಲಿ ಇದು ತಿರುಗುಮುರುಗು. ಸ್ನೇಹಿತರ ಸೈಕಲ್ ಎರವಲು ಪಡೆದರೆ ಮೊದಲು ನಿಂತಲ್ಲೇ ಹಿಡಿದು ನೋಡಿ. ಬೆಟ್ಟದ ಮೇಲೆ ಗಾಬರಿಯಾದಾಗ ಕೈ ತನ್ನ ಹಳೇ ಅಭ್ಯಾಸದಂತೆಯೇ ಹೋಗುತ್ತದೆ.

• ಮನೆಯಲ್ಲಿ ಅಜ್ಜನ ಕಂಬಿ ಬ್ರೇಕಿನ ಅಟ್ಲಾಸೋ ಹೀರೋನೋ ಇದ್ದರೆ ಅದನ್ನು ಪ್ರೀತಿಯಿಂದ ಇಟ್ಟುಕೊಳ್ಳಿ, ಮಾರ್ಕೆಟ್ಟಿಗೆ ತುಳಿಯಿರಿ, ಬೆಟ್ಟಕ್ಕೆ ಮಾತ್ರ ಬೇಡ. ಅದರ ರಬ್ಬರ್ ರಿಮ್ಮಿನ ಒಳಮೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಸಮನೆಲದಲ್ಲಿ ಮೂಟೆ ಹೊತ್ತರೂ ಅದು ಸಾಕು. ಕಲ್ಲುದಾರಿಯ ಕುಲುಕಾಟಕ್ಕೆ ಕಂಬಿಗಳ ಕೀಲು ಸಡಿಲವಾಗುತ್ತವೆ. ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾಯಿತೋ, ರಬ್ಬರ್ ಹಿಡಿಯುವುದೇ ಕಷ್ಟ. ಉಕ್ಕಿನ ರಿಮ್ಮಿನ ಯಾವ ಸೈಕಲ್ಲಿಗೂ ಈ ಮಾತು ಹೊಂದುತ್ತದೆ, ಬ್ರೇಕ್ ಯಾವ ನಮೂನೆಯದೇ ಇರಲಿ. ರಿಮ್ಮು ಉಕ್ಕಿನದೋ ಅಲ್ಯೂಮಿನಿಯಂದೋ ಗೊತ್ತಾಗದಿದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿ.

• ತೆಳು ಟಯರಿನ ಸೈಕಲ್ಲುಗಳ ಕ್ಯಾಲಿಪರ್ ಬ್ರೇಕ್ ಟಾರಿಗೆ ಮಾಡಿದ್ದು. ದಪ್ಪ ಟಯರ್ ಅದರ ತೋಳಿನ ನಡುವೆ ಹಿಡಿಸುವುದೂ ಇಲ್ಲ, ಕೆಸರು ಮೆತ್ತಿಕೊಂಡರೆ ಚಕ್ರ ತಿರುಗುವುದೂ ಇಲ್ಲ.

• ಇನ್ನು ಅಂಗಡಿಯವರು 'ಪವರ್ ಬ್ರೇಕ್' ಎಂದು ಕರೆಯುವ ವಿ-ಬ್ರೇಕ್. 1996ರಲ್ಲಿ ಜಪಾನಿನ ಶಿಮಾನೊ ಕಂಪನಿ ವಿ-ಬ್ರೇಕ್ ಎಂಬ ಹೆಸರಿನಲ್ಲಿ ಇದನ್ನು ಬೆಟ್ಟದ ಸೈಕಲ್ಲುಗಳಿಗೆ ತಂದಿತು. ಎರಡು ಉದ್ದ ತೋಳು, ಒಂದು ವೈರ್, ಅಷ್ಟೇ. ಬಿಚ್ಚುವುದು ಸುಲಭ, ರಿಪೇರಿ ಯಾವ ಹಳ್ಳಿಯಲ್ಲಾದರೂ ಆಗುತ್ತದೆ, ರಬ್ಬರ್ ಅಗ್ಗ. ಅಲ್ಯೂಮಿನಿಯಂ ರಿಮ್ಮು, ಒಳ್ಳೆಯ ರಬ್ಬರ್, ಹೊಸ ವೈರ್ ಇದ್ದರೆ ಒಣದಾರಿಯಲ್ಲಿ ಇದರ ಹಿಡಿತ ಚೆನ್ನಾಗಿಯೇ ಇರುತ್ತದೆ. ಅಗ್ಗದ ಸೈಕಲ್ಲಿಗೆ ಅಂದಕ್ಕೆಂದು ಹಾಕಿದ ಕಳಪೆ ಡಿಸ್ಕಿಗಿಂತ ಒಳ್ಳೆಯ ವಿ-ಬ್ರೇಕ್ ಎಷ್ಟೋ ಮೇಲು ಎಂದು ನಾನು ಯಾರ ಎದುರಿಗೂ ಹೇಳಬಲ್ಲೆ. ಇದರ ಕೊರತೆ ಮೂರು. ಮಳೆಯಲ್ಲಿ ರಿಮ್ಮು ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋಗುವ ತನಕ ಹಿಡಿತ ಸಾಲದು. ಕೆಸರಿನ ಮರಳು ರಬ್ಬರಿನಲ್ಲಿ ಸಿಕ್ಕಿಕೊಂಡು ರಿಮ್ಮನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಚಕ್ರ ಸ್ವಲ್ಪ ಡೊಂಕಾದರೂ ರಬ್ಬರ್ ತಾಕುತ್ತದೆ.

• ಕಡಿದಾದ ಮಣ್ಣುದಾರಿಗೆ ಪದೇ ಪದೇ ಹೋಗುವವರಿಗೆ ಡಿಸ್ಕ್ ಬ್ರೇಕೇ ಸರಿ. ಡಿಸ್ಕು ನೆಲದ ಕೆಸರಿನಿಂದ ದೂರ, ಚಕ್ರದ ನಡುವೆ ಇರುತ್ತದೆ. ರಿಮ್ಮು ಡೊಂಕಾದರೂ ಅದಕ್ಕೆ ಲೆಕ್ಕವಿಲ್ಲ. ಮಳೆಯಲ್ಲೂ ಬೇಗ ಹಿಡಿಯುತ್ತದೆ. ಇದರಲ್ಲಿ ಎರಡು ಬಗೆ. ವೈರ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಒಂದು, ಎಣ್ಣೆಯ ಒತ್ತಡದ ಹೈಡ್ರಾಲಿಕ್ ಇನ್ನೊಂದು. ಹೈಡ್ರಾಲಿಕ್ಕಿನಲ್ಲಿ ಒಂದು ಬೆರಳಿನಿಂದ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಹುದು, ಡಿಸ್ಕನ್ನು ಒತ್ತುವ ಪ್ಯಾಡ್ ಸವೆದಂತೆ ಅದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಗರಸಿನ ಇಳಿಜಾರಿಗೆ ಬೇಕಾದ್ದು ಈ ನಯವೇ. ಮೆಕ್ಯಾನಿಕಲ್ ಅದರಷ್ಟು ನಯವಿಲ್ಲದಿದ್ದರೂ, ದೂರದ ಊರಿನಲ್ಲಿ ಕೆಟ್ಟರೆ ಒಂದು ವೈರಿನಿಂದ ಸರಿಹೋಗುತ್ತದೆ. ಸಾಧ್ಯವಾದರೆ ಎರಡೂ ಕಡೆಯ ಪ್ಯಾಡ್ ಚಲಿಸುವ ಮೆಕ್ಯಾನಿಕಲ್ ಕೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಹಳೇ ಹೈಡ್ರಾಲಿಕ್ ಸೆಟ್ ಸಿಕ್ಕಿತೆಂದು ಹಿಗ್ಗಬೇಡಿ. ಹಳೇ ಸೀಲ್ ಒಳಗೆ ಹೇಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹ್ಯಾಂಡಲ್, ಸೀಟು, ಪೆಡಲ್ಲು ಗುಜರಿಯಲ್ಲಿ ತೆಗೆದುಕೊಳ್ಳಿ, ಬ್ರೇಕ್ ಹೊಸದೇ ಇರಲಿ.

• ಹೈಡ್ರಾಲಿಕ್ಕಿಗೆ ಹಾಕುವ ಎಣ್ಣೆಯಲ್ಲೂ ಎರಡು ಜಾತಿ. ಶಿಮಾನೊ, ಟೆಕ್ಟ್ರೊದಂಥವಕ್ಕೆ ಮಿನರಲ್ ಆಯಿಲ್, ಇನ್ನು ಕೆಲವಕ್ಕೆ ಕಾರಿನ ಬ್ರೇಕಿಗೆ ಹಾಕುವ ಡಾಟ್ ದ್ರವ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ. ಲಿವರಿನ ಮುಚ್ಚಳದ ಮೇಲೆ ಯಾವುದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಓದಿ, ಮೆಕ್ಯಾನಿಕ್ಕಿಗೂ ತೋರಿಸಿ.

• ಡಿಸ್ಕಿನ ಅಳತೆ. 160 ಮಿ.ಮೀ. ಡಿಸ್ಕಿನ ಬದಲು 180ರದು ಹಾಕಿದರೆ ಅದೇ ಕೈಬಲಕ್ಕೆ ಸುಮಾರು ಎಂಟನೇ ಒಂದು ಪಾಲು ಹೆಚ್ಚು ಹಿಡಿತ ಸಿಗುತ್ತದೆ. ಬಿಸಿ ಹರಡಲು ಲೋಹವೂ ಹೆಚ್ಚು. ನೀವು ದಪ್ಪಗಿದ್ದರೆ, ಬ್ಯಾಗು ಟೆಂಟು ಹೊತ್ತು ಹೋಗುವವರಾದರೆ, ಮುಂದೆ 180, ಹಿಂದೆ 160 ಒಳ್ಳೆಯ ಜೋಡಿ. ಆದರೆ ಮುಂದಿನ ಫೋರ್ಕ್ ಎಷ್ಟು ದೊಡ್ಡದನ್ನು ತಡೆಯಬಲ್ಲದು ಎಂದು ಅದನ್ನು ಮಾಡಿದವರ ಪುಸ್ತಕದಲ್ಲಿ ನೋಡದೆ ಹಾಕಿಸಬೇಡಿ.

• ಪ್ಯಾಡಿನಲ್ಲಿ ರೆಸಿನ್ ಮತ್ತು ಮೆಟಲ್ ಎಂದು ಎರಡು. ರೆಸಿನ್ ಸದ್ದು ಮಾಡದು, ತಣ್ಣಗಿದ್ದಾಗಲೂ ಮೆದುವಾಗಿ ಹಿಡಿಯುತ್ತದೆ. ಬಿಸಿ ಹೆಚ್ಚಾದರೆ ಹಿಡಿತ ಬಿಡುತ್ತದೆ, ಒದ್ದೆ ಮರಳಿನಲ್ಲಿ ಬೇಗ ಸವೆಯುತ್ತದೆ. ಮೆಟಲ್ ಕಿರುಚುತ್ತದೆ, ಬಿಸಿಯನ್ನು ಪ್ಯಾಡ್ ಹಿಡಿದಿರುವ ಕ್ಯಾಲಿಪರಿಗೆ ಹೆಚ್ಚು ದಾಟಿಸುತ್ತದೆ. ಆದರೆ ಉದ್ದ ಇಳಿಜಾರಿಗೂ ಮಳೆಗೂ ಗಟ್ಟಿ. ತುರಹಳ್ಳಿಯ ಸಣ್ಣ ಸಣ್ಣ ಇಳುಕಲಿಗೆ ರೆಸಿನ್ ಧಾರಾಳ. ಚಿಕ್ಕಮಗಳೂರಿಗೆ ಮೆಟಲ್. ಕೆಲವು ಡಿಸ್ಕುಗಳ ಮೇಲೆ 'ರೆಸಿನ್ ಪ್ಯಾಡ್ ಮಾತ್ರ' ಎಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ಅಂಥದಕ್ಕೆ ಮೆಟಲ್ ಹಾಕಿದರೆ ಡಿಸ್ಕೇ ತಿಂದುಹೋಗುತ್ತದೆ.

• ಬಿಸಿಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬೆಂಗಳೂರಿನ ರಸ್ತೆಯಲ್ಲಿ ಇದು ಯಾರ ಅನುಭವಕ್ಕೂ ಬಂದಿರುವುದಿಲ್ಲ. ನೀವು 80 ಕಿಲೋ, ಸೈಕಲ್ ಮತ್ತು ಬ್ಯಾಗು 15 ಕಿಲೋ ಎಂದಿಟ್ಟುಕೊಳ್ಳಿ. 300 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 280 ಕಿಲೋಜೌಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು ಕುದಿಯ ಹತ್ತಿರಕ್ಕೆ ತರಲು ಅಷ್ಟು ಸಾಕು. ಟಾರಿನ ಮೇಲೆ ವೇಗವಾಗಿ ಇಳಿದರೆ ಗಾಳಿ ಒಂದು ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ಮಣ್ಣುದಾರಿಯಲ್ಲಿ ನಿಧಾನವಾಗಿ ಇಳಿಯುತ್ತೀರಿ, ಆಗ ಗಾಳಿಯ ಪಾಲು ತೀರಾ ಕಡಿಮೆ. ಹೆಚ್ಚುಕಡಿಮೆ ಎಲ್ಲವನ್ನೂ ಬ್ರೇಕೇ ನುಂಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ಸೈಕಲ್ ಹುಟ್ಟಿದ ಕಾಲದ ಒಂದು ಪ್ರಸಿದ್ಧ ದಾರಿ ಇದೆ, ಸುಮಾರು 3.4 ಕಿ.ಮೀ. ದೂರದಲ್ಲಿ ಹತ್ತಿರಹತ್ತಿರ 400 ಮೀಟರ್ ಇಳಿಯುವ ಮಣ್ಣುರಸ್ತೆ. ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು. ಆಗಿನ ಸೈಕಲ್ಲುಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೇ ಹಿಡಿಯುವ ಬ್ರೇಕ್ ಇತ್ತು. ಒಮ್ಮೆ ಇಳಿದರೆ ಹಬ್ಬಿನ ಗ್ರೀಸು ಸುಟ್ಟು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಮತ್ತೆ ತುಂಬುವ ಆ ಕೆಲಸದಿಂದಲೇ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. ಅಲ್ಲಿ ಇಳಿಯುತ್ತಿದ್ದ ಹುಡುಗರು ಮುಂದೆ ಮೋಟಾರ್ ಸೈಕಲ್ಲಿನ ಬ್ರೇಕ್ ಲಿವರುಗಳನ್ನೂ ಡ್ರಮ್ ಬ್ರೇಕುಗಳನ್ನೂ ತಂದು ತಮ್ಮ ಸೈಕಲ್ಲುಗಳಿಗೆ ಜೋಡಿಸಿಕೊಂಡರು. ಬೆಟ್ಟದ ಸೈಕಲ್ ಬೆಳೆದು ಬಂದದ್ದರಲ್ಲಿ ಬ್ರೇಕಿನ ಪಾತ್ರ ಅಷ್ಟಿದೆ.

• ಆದ್ದರಿಂದ ಉದ್ದ ಇಳಿಜಾರಿನಲ್ಲಿ ನಡುನಡುವೆ ನಿಲ್ಲಿ. ಲಿವರ್ ಮೊದಲಿಗಿಂತ ಹತ್ತಿರಕ್ಕೆ ಬರುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಅಥವಾ ಅದೇ ಹಿಡಿತಕ್ಕೆ ಹೆಚ್ಚು ಒತ್ತಬೇಕಾಗುತ್ತಿದೆ ಎಂದಾದರೆ ಅಲ್ಲೇ ಇಳಿದು ಕಾಯಿರಿ. ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ಚರ್ಮ ಸುಡುತ್ತದೆ. ಕಾದ ಡಿಸ್ಕಿನ ಮೇಲೆ ನೀರೆರೆಯಬೇಡಿ, ಸೊಟ್ಟಗಾಗುತ್ತದೆ. ತಾನಾಗಿ ತಣ್ಣಗಾಗಲಿ.

ಇಷ್ಟು ಕೊಳ್ಳುವ ಮಾತು. ಕೂರಿಸುವ ಮಾತು ಇದಕ್ಕಿಂತ ಮುಖ್ಯ. ದುಬಾರಿ ಬ್ರೇಕನ್ನು ಹೇಗೋ ಕೂರಿಸಿದರೆ ಅದು ಅಗ್ಗದ ಬ್ರೇಕಿಗಿಂತ ಕಡೆ.

• ಲಿವರಿನಿಂದ ಶುರುಮಾಡಿ. ಸೀಟಿನಿಂದ ಎದ್ದು, ಪೆಡಲ್ ಮೇಲೆ ನಿಂತು, ಮೈ ಹಿಂದಕ್ಕೆ ಹಾಕಿ: ಬೆಟ್ಟ ಇಳಿಯುವಾಗ ಇರುವ ಹಾಗೆ. ಆಗ ಮುಂಗೈ, ಮಣಿಕಟ್ಟು, ಬೆರಳು ನೇರ ಗೆರೆಯಲ್ಲಿರಬೇಕು. ಮಣಿಕಟ್ಟು ಮುರಿದ ಹಾಗಿದ್ದರೆ ಲಿವರನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ. ತೋರುಬೆರಳು ಲಿವರಿನ ತುದಿಯ ಕೊಕ್ಕೆಗೇ ಬರುವಂತೆ ಅದನ್ನು ಹ್ಯಾಂಡಲ್ಲಿನ ಮೇಲೆ ಒಳಕ್ಕೆ ಸರಿಸಿ. ತುದಿಯಲ್ಲಿ ಹಿಡಿದರೆ ಕಡಿಮೆ ಬಲ ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದುಕೊಳ್ಳಲು ಉಳಿಯುತ್ತವೆ. ಲಿವರ್ ಬೋಲ್ಟನ್ನು ಕೈಬಲಕ್ಕೆ ತಿರುಗದಷ್ಟು ಮಾತ್ರ ಬಿಗಿ ಮಾಡಿ. ಬಿದ್ದಾಗ ಲಿವರ್ ತಿರುಗಿಹೋದರೆ ಒಳ್ಳೆಯದು, ಕಬ್ಬಿಣದಂತೆ ಬಿಗಿದಿದ್ದರೆ ಮುರಿದುಹೋಗುತ್ತದೆ.

• ಸಣ್ಣ ಕೈಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಲಿವರ್ ದೂರವಾಗುತ್ತದೆ. ಅನೇಕ ಲಿವರುಗಳಲ್ಲಿ ಇದಕ್ಕೆಂದೇ ಪುಟ್ಟ ಸ್ಕ್ರೂ ಇದೆ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ಮುಟ್ಟಿ ಕೊಡುವುದಿಲ್ಲ. ಎರಡೇ ನಿಮಿಷದ ಕೆಲಸ, ಕೇಳಿ ಮಾಡಿಸಿಕೊಳ್ಳಿ.

• ವೈರ್ ವಿಷಯದಲ್ಲಿ ಜಿಪುಣತನ ಬೇಡ. ಒಳಗಿನ ವೈರಿಗೆ ಇನ್ನರ್, ಅದನ್ನು ಹೊದಿಸುವ ಪೈಪಿಗೆ ಔಟರ್ ಎನ್ನುತ್ತಾರೆ. ಬ್ರೇಕಿನ ಔಟರ್ ಬೇರೆ, ಗೇರಿನ ಔಟರ್ ಬೇರೆ. ಬ್ರೇಕಿನದು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ಒಳಗೆ ಸುರುಳಿ ಸುತ್ತಿದ ಉಕ್ಕು. ಗೇರಿನದು 4 ಮಿ.ಮೀ., ಒಳಗೆ ಉದ್ದುದ್ದ ತಂತಿಗಳು. ಗೇರಿನ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದ ಕ್ಷಣದಲ್ಲೇ ಅದು ಸೀಳಿ ಬಿಚ್ಚಿಕೊಳ್ಳಬಹುದು. ನೋಡಲು ಎರಡೂ ಕಪ್ಪು ಪೈಪು, ಅವಸರದ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದು ಹಾಕಿಬಿಡುತ್ತಾನೆ. ಕತ್ತರಿಸಿದ ಬಾಯಿಯನ್ನು ಅರದಿಂದ ಸಮ ಮಾಡಿ, ಟೋಪಿ ಹಾಕಿ ಕೂರಿಸಿ. ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಎಳೆಯದಷ್ಟು ಉದ್ದ ಇರಲಿ, ಅದಕ್ಕಿಂತ ಹೆಚ್ಚು ಬಳುಕಾಟ ಬೇಡ. ಲಿವರಿನ ತಲೆಯ ಹತ್ತಿರ ಇನ್ನರ್‌ನ ಒಂದೇ ಒಂದು ಎಳೆ ತುಂಡಾಗಿದ್ದರೂ ಆ ವೈರ್ ಬಿಸಾಕಿ.

• ಲಿವರಿಗೂ ಬ್ರೇಕಿಗೂ ಹೊಂದಬೇಕು. ವಿ-ಬ್ರೇಕಿನ ಲಿವರ್ ಹೆಚ್ಚು ವೈರ್ ಎಳೆಯುತ್ತದೆ, ಕ್ಯಾಲಿಪರಿನದು ಕಡಿಮೆ. ಹಳೇ ಕ್ಯಾಲಿಪರ್ ಲಿವರನ್ನು ವಿ-ಬ್ರೇಕಿಗೆ ಜೋಡಿಸಿದರೆ ಲಿವರ್ ಹ್ಯಾಂಡಲ್ಲಿಗೆ ತಾಕಿದರೂ ರಬ್ಬರ್ ಗಟ್ಟಿಯಾಗಿ ಒತ್ತುವುದಿಲ್ಲ. ಮೆಕ್ಯಾನಿಕಲ್ ಡಿಸ್ಕಿನಲ್ಲೂ ಈ ಎರಡು ಬಗೆ ಇವೆ, ಕೊಳ್ಳುವಾಗ ಕೇಳಿ.

• ವಿ-ಬ್ರೇಕ್ ಕೂರಿಸುವಾಗ ಮೊದಲು ಚಕ್ರದ ಡೊಂಕು ತೆಗೆಸಿ. ಆಮೇಲೆ ರಬ್ಬರ್. ರಿಮ್ಮಿನ ಮೇಲಂಚಿನಿಂದ ಒಂದು ಮಿ.ಮೀ. ಕೆಳಗೆ ಇರಬೇಕು: ಮೇಲೇರಿದರೆ ಟಯರನ್ನು ಕೊಯ್ಯುತ್ತದೆ, ಕೆಳಗಿಳಿದರೆ ರಿಮ್ಮು ಬಿಟ್ಟು ಕಡ್ಡಿಗಳಿಗೆ ನುಗ್ಗುತ್ತದೆ. ರಬ್ಬರಿನ ಮುಂತುದಿ ಹಿಂತುದಿಗಿಂತ ಒಂದು ಮಿ.ಮೀ. ಮೊದಲು ತಾಕಲಿ, ಕಿರುಚಾಟ ನಿಲ್ಲುತ್ತದೆ. ಹಿಂತುದಿಯ ಅಡಿಗೆ ಒಂದು ರಟ್ಟಿನ ಚೂರು ಸಿಕ್ಕಿಸಿ, ಲಿವರ್ ಹಿಡಿದು, ನಟ್ ಬಿಗಿದು, ರಟ್ಟು ತೆಗೆದರೆ ಈ ಹದ ತಾನೇ ಬರುತ್ತದೆ. ರಬ್ಬರಿನ ಜೊತೆ ಬರುವ ದಪ್ಪ ಮತ್ತು ತೆಳು ಬಟ್ಟಲು ವಾಷರುಗಳನ್ನು ಅದಲುಬದಲು ಮಾಡಿ, ಹಿಡಿದಾಗ ಎರಡು ತೋಳೂ ನೆಟ್ಟಗೆ ನಿಲ್ಲುವಂತೆ ನೋಡಿ. ಒಂದು ತೋಳು ಮಾತ್ರ ಚಲಿಸುತ್ತಿದ್ದರೆ ಸ್ಪ್ರಿಂಗಿನ ಪಕ್ಕದ ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸಿ ಸಮ ಮಾಡಿ. ರಿಮ್ಮಿನ ಬದಿಯಲ್ಲಿ ಸವೆತ ತೋರಿಸುವ ಗೆರೆಯೋ ಚುಕ್ಕಿಯೋ ಇದ್ದು, ಅದು ಮಾಸಿಹೋಗಿದ್ದರೆ ಆ ರಿಮ್ಮಿನ ಆಯಸ್ಸು ಮುಗಿಯಿತು. ವಾರಕ್ಕೊಮ್ಮೆ ರಬ್ಬರನ್ನು ತಿರುಗಿಸಿ ನೋಡಿ, ಸಿಕ್ಕಿಕೊಂಡ ಕಲ್ಲಿನ ಚೂರು, ಲೋಹದ ಹೊಳೆಯುವ ಚುಕ್ಕಿಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯಿರಿ.

• ಡಿಸ್ಕ್ ಕ್ಯಾಲಿಪರನ್ನು ಕಣ್ಣಳತೆಯಲ್ಲಿ ಕೂರಿಸುವ ಉಪಾಯ: ಎರಡು ಬೋಲ್ಟುಗಳನ್ನು ಸಡಿಲಿಸಿ, ಲಿವರ್ ಜೋರಾಗಿ ಹಿಡಿದುಕೊಳ್ಳಿ, ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಆಮೇಲೆ ಕ್ಯಾಲಿಪರಿನ ಹಿಂದೆ ಒಂದು ಬಿಳಿ ಕಾಗದ ಹಿಡಿದು ಸಂದಿನಲ್ಲಿ ಇಣುಕಿ. ಡಿಸ್ಕಿನ ಎರಡೂ ಕಡೆ ಬೆಳಕಿನ ಸಣ್ಣ ಗೆರೆ ಕಾಣಬೇಕು. ಒಂದು ಕಡೆ ಕತ್ತಲಿದ್ದರೆ ಮತ್ತೆ ಸಡಿಲಿಸಿ ಕೈಯಿಂದ ಸರಿಸಿ.

• ಒಂದೇ ಪ್ಯಾಡ್ ಚಲಿಸುವ ಮೆಕ್ಯಾನಿಕಲ್ ಡಿಸ್ಕಿನಲ್ಲಿ, ಚಲಿಸದ ಒಳಪ್ಯಾಡನ್ನು ಅಲನ್ ಕೀಯಿಂದ ಡಿಸ್ಕಿಗೆ ತಾಕೀ ತಾಕದ ಹಾಗೆ ತನ್ನಿ. ಪ್ಯಾಡ್ ಸವೆದಾಗ ಎಲ್ಲರೂ ವೈರ್ ಎಳೆದು ಬಿಗಿ ಮಾಡುತ್ತಾ ಹೋಗುತ್ತಾರೆ. ಹಾಗೆ ಮಾಡಿದರೆ ಕ್ಯಾಲಿಪರಿನ ತೋಳು ಮೊದಲೇ ಅರ್ಧ ತಿರುಗಿ ನಿಂತಿರುತ್ತದೆ, ಬಲ ಬೇಕಾದಾಗ ತಿರುಗಲು ಜಾಗವಿರುವುದಿಲ್ಲ. ಪ್ಯಾಡನ್ನು ಅದರ ಸ್ಕ್ರೂವಿನಿಂದಲೇ ಹತ್ತಿರ ತನ್ನಿ, ತೋಳು ತನ್ನ ಮೊದಲಿನ ಜಾಗದಲ್ಲೇ ಇರಲಿ.

• ಸವೆತದ ಅಳತೆ: ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಬಂದರೆ ಬದಲಿಸಬೇಕು. ಪ್ಯಾಡಿನ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಇಳಿದರೆ ಮುಗಿಯಿತು. ಬೆಟ್ಟಕ್ಕೆ ಹೊರಡುವವರಿಗೆ ಒಂದು ಮಿ.ಮೀ.ಗಿಂತ ಕಡಿಮೆ ಇದ್ದರೂ ಬೇಡ. ಮಳೆಗಾಲದ ಕೆಸರಿನಲ್ಲಿ ಒಂದೇ ದಿನಕ್ಕೆ ಉಳಿದದ್ದು ತಿಂದುಹೋಗಬಹುದು.

• ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿದ ಮರುದಿನವೇ ಬೆಟ್ಟಕ್ಕೆ ಹೋಗಬೇಡಿ. ಅವೆರಡೂ ಒಂದಕ್ಕೊಂದು ಪಳಗಬೇಕು. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಸುತ್ತಲಿನ ರಸ್ತೆ ಖಾಲಿ ಇರುವಾಗ ಹೋಗಿ. ಸುಮಾರು 20 ಕಿ.ಮೀ. ವೇಗಕ್ಕೆ ಬಂದು, ಒಂದೊಂದೇ ಬ್ರೇಕನ್ನು ಒಂದೇ ಸಮನೆ ಹಿಡಿದು, ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲುವ ಮೊದಲು ಬಿಡಿ. ಪ್ರತಿ ಬ್ರೇಕಿಗೂ ಇಪ್ಪತ್ತು ಸಲ ಹೀಗೆ ಮಾಡಿ. ಶುರುವಿನಲ್ಲಿ ಹಿಡಿತ ಸಪ್ಪೆ ಇರುತ್ತದೆ, ಬರಬರುತ್ತಾ ಏರುವುದು ಕೈಗೇ ಗೊತ್ತಾಗುತ್ತದೆ.

• ಎಣ್ಣೆ ಡಿಸ್ಕಿನ ಶತ್ರು. ನಮ್ಮ ಕಡೆ ಪಂಕ್ಚರ್ ಅಂಗಡಿಗಳಲ್ಲಿ ಚೈನಿಗೆ ವೇಸ್ಟ್ ಆಯಿಲ್ ಸುರಿಯುವ ರೂಢಿ ಇದೆ. ಅದರ ಒಂದು ಹನಿ ಹಿಂದಿನ ಡಿಸ್ಕಿಗೆ ಸಿಡಿದರೆ ಪ್ಯಾಡ್ ಅದನ್ನು ಹೀರಿಕೊಂಡುಬಿಡುತ್ತದೆ, ಆಮೇಲೆ ಬರೀ ಕೂಗು, ಹಿಡಿತವಿಲ್ಲ. ಚೈನಿಗೆ ಎಣ್ಣೆ ನೀವೇ ಹನಿಹನಿಯಾಗಿ ಬಿಡಿ, ಡಿಸ್ಕಿಗೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಸೈಕಲ್ಲಿನ ಹತ್ತಿರಕ್ಕೇ ತರಬೇಡಿ. ಡಿಸ್ಕ್ ಒರೆಸಲು ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಶುದ್ಧ ಬಟ್ಟೆ ಸಾಕು. ಎಣ್ಣೆ ಕುಡಿದ ಪ್ಯಾಡನ್ನು ಉಳಿಸಲು ಒದ್ದಾಡುವುದಕ್ಕಿಂತ ಹೊಸದು ಹಾಕಿ.

• ಪಂಕ್ಚರ್ ಹಾಕಿಸಿ ತಂದ ಸೈಕಲ್ಲನ್ನು ನೋಡದೆ ಹತ್ತಬೇಡಿ. ಚಕ್ರ ತೆಗೆಯಲು ವಿ-ಬ್ರೇಕಿನ ಬಾಗಿದ ಪೈಪನ್ನು ಕೊಕ್ಕೆಯಿಂದ ಬಿಡಿಸಿರುತ್ತಾರೆ, ವಾಪಸು ಸಿಕ್ಕಿಸಲು ಮರೆಯುತ್ತಾರೆ. ಹೈಡ್ರಾಲಿಕ್ ಡಿಸ್ಕ್ ಸೈಕಲ್ಲಿನಲ್ಲಿ ಚಕ್ರ ಹೊರಗಿರುವಾಗ ಯಾರಾದರೂ ಲಿವರ್ ಹಿಡಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾರಿನಲ್ಲಿ ಹಾಕಿಕೊಂಡು ಹೋಗುವಾಗಲೂ ಪ್ಯಾಡುಗಳ ನಡುವೆ ಒಂದು ಮಡಿಸಿದ ರಟ್ಟು ಇಡಿ. ಇನ್ನು ಮುಂದಿನ ಚಕ್ರ ಲಿವರ್ ತಿರುವಿ ಬಿಚ್ಚುವ ಬಗೆಯದಾದರೆ ಅದನ್ನು ಅಂಗೈಯಲ್ಲಿ ಗುರುತು ಮೂಡುವಷ್ಟು ಬಿಗಿಯಾಗಿ ಮುಚ್ಚಿ. ಡಿಸ್ಕ್ ಹಿಡಿದಾಗ ಆ ಬಲ ಅಚ್ಚನ್ನು ಫೋರ್ಕಿನಿಂದ ಕೆಳಕ್ಕೆ ತಳ್ಳಲು ನೋಡುತ್ತದೆ.

• ಟಯರಿನ ಗಾಳಿ ಬ್ರೇಕಿನ ಜೊತೆಗಾರ. ಪೇಟೆಯಲ್ಲಿ ಕಲ್ಲಿನಂತೆ ತುಂಬಿಸಿದ ಗಾಳಿ ಗರಸಿನ ಮೇಲೆ ಟಯರನ್ನು ಕುಣಿಸುತ್ತದೆ. ಟ್ಯೂಬ್ ಇರುವ 2.1 ಇಂಚಿನ ಟಯರಿಗೆ, ನಿಮ್ಮ ತೂಕ ನೋಡಿಕೊಂಡು, 30-35 ಪಿಎಸ್‌ಐ ಆಸುಪಾಸು ಇಡಿ. ವಾಪಸು ಟಾರಿಗೆ ಬಂದಾಗ ಪಂಪಿನಿಂದ ತುಂಬಿಸಿಕೊಳ್ಳಿ.

• ಹೊರಡುವ ದಿನ ಮನೆಮುಂದೆ ಒಂದು ಪರೀಕ್ಷೆ. ಸೈಕಲ್ ಪಕ್ಕ ನಿಂತು ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ: ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನದು ಹಿಡಿದು ತಳ್ಳಿ: ಚಕ್ರ ತಿರುಗದೆ ಜಾರಬೇಕು. ಎರಡು ಲಿವರನ್ನೂ ಇರುವ ಬಲವೆಲ್ಲ ಹಾಕಿ ಹಿಡಿಯಿರಿ, ಹ್ಯಾಂಡಲ್ಲಿಗೆ ತಾಕಬಾರದು. ತುಂಡಾಗುವ ವೈರ್ ಇಲ್ಲೇ ತುಂಡಾಗಲಿ.

• ಇಳಿಯುವಾಗ ಎರಡು ಪೆಡಲ್ಲೂ ಸಮಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ, ಸೊಂಟ ಸೀಟಿನ ಹಿಂದೆ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿ; ತಿರುವಿನೊಳಗೆ ಮುಂದಿನ ಬ್ರೇಕನ್ನು ಬಿಡುತ್ತಾ ಬನ್ನಿ. ಗರಸಿನ ನಡುವೆ ಬಂಡೆಯೋ ಗಟ್ಟಿ ನೆಲವೋ ಸಿಕ್ಕಿದಲ್ಲಿ ಹೆಚ್ಚು ಹಿಡಿಯಿರಿ, ಸಡಿಲ ಜಾಗದಲ್ಲಿ ಬಿಡಿ. ಚಕ್ರ ಜಾರಿದ್ದು ತಿಳಿದ ತಕ್ಷಣ ಆ ಲಿವರನ್ನು ಒಂದಿಷ್ಟು ಸಡಿಲಿಸಿ, ಉರುಳಲು ಬಿಟ್ಟು, ಮತ್ತೆ ಹಿಡಿಯಿರಿ. ಇದನ್ನು ಬೆರಳು ಕಲಿಯಬೇಕು. ಮೊದಲು ಸಣ್ಣ ಇಳುಕಲಿನಲ್ಲಿ ಕಲಿಸಿ.

• ಹಿಂದೆ ಕ್ಯಾರಿಯರಿನ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಮಣ್ಣಿನ ಇಳಿಜಾರು ಇಳಿಯಬೇಡಿ. ಇದರಲ್ಲಿ ಚೌಕಾಸಿಯಿಲ್ಲ.

• ಕಾಡುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ದಾರಿಯಲ್ಲಿ ನಡೆಯುವವರಿಗೆ, ದನ ಮೇಯಿಸುವವರಿಗೆ ದೂರದಿಂದಲೇ ಬೆಲ್ ಮಾಡಿ, ನಿಂತು ದಾರಿ ಬಿಡಿ.

• ಬ್ಯಾಗಿನಲ್ಲಿ ಒಂದು ಬ್ರೇಕ್ ಇನ್ನರ್, ಒಂದು ಜೊತೆ ಪ್ಯಾಡ್, ಅಲನ್ ಕೀ ಗೊಂಚಲು ಇರಲಿ. ಇನ್ನರ್ ಕೊಳ್ಳುವಾಗ ಹಿಂದಿನ ಬ್ರೇಕಿನ ಉದ್ದದ್ದೇ ತೆಗೆದುಕೊಳ್ಳಿ, ಮುಂದಕ್ಕೂ ಆಗುತ್ತದೆ. ಬೆಟ್ಟದ ನಡುವೆ ಮುಂದಿನ ವೈರ್ ಕಿತ್ತುಹೋಗಿ, ಕೈಯಲ್ಲಿ ಬೇರೆ ಇಲ್ಲದಿದ್ದರೆ, ಹಿಂದಿನ ವೈರನ್ನು ಬಿಚ್ಚಿ ಮುಂದಕ್ಕೆ ಹಾಕಿಕೊಳ್ಳಿ. ಅದು ಉದ್ದ ಇರುವುದರಿಂದ ಸಾಕಾಗುತ್ತದೆ. ತುದಿಯ ಎಳೆಗಳು ಬಿಚ್ಚಿಕೊಂಡಿದ್ದರೆ ಬೆರಳಿನಿಂದ ಹೊಸೆದು, ನೇರವಿರುವ ಕಡೆಯಿಂದ ನಿಧಾನವಾಗಿ ತೂರಿಸಿ. ಉಳಿದ ವೈರನ್ನು ಸುರುಳಿ ಸುತ್ತಿ ಚಕ್ರಕ್ಕೆ ಸಿಗದಂತೆ ಕಟ್ಟಿ. ಈಗ ಹಿಂದಿನ ಬ್ರೇಕ್ ಇಲ್ಲದ್ದರಿಂದ ಮಣ್ಣಿನ ಇಳಿಜಾರು ಮುಗಿಯುವ ತನಕ ಸೈಕಲ್ ತಳ್ಳಿಕೊಂಡೇ ನಡೆಯಿರಿ. ಟಾರು ಸಿಕ್ಕ ಮೇಲೆ ಹತ್ತಿ, ಮೊದಲ ಸೈಕಲ್ ಅಂಗಡಿಯಲ್ಲಿ ನಿಲ್ಲಿಸಿ ಹಿಂದಿನದಕ್ಕೆ ಹೊಸ ವೈರ್ ಹಾಕಿಸಿಕೊಳ್ಳಿ.